ಊರವರು ಜತೆಗಿದ್ದರೆ ತೆರೆದುಕೊಳ್ಳುವ ಊರು

ಹಳೆಯ ಅಹಮದಾಬಾದಿನ ಓಣಿಗಳಲ್ಲಿ ಕೆಲವು ಬಾಗಿಲುಗಳಿವೆ. ಹೊರಗಿನಿಂದ ನೋಡಿದರೆ ಯಾರದೋ ಮನೆಯ ಬಾಗಿಲು ಅನ್ನಿಸುತ್ತದೆ. ಹೊಸಬರು ಅಲ್ಲಿಗೆ ಓಣಿ ಮುಗಿಯಿತೆಂದು ಹಿಂದಿರುಗಿಬಿಡುತ್ತಾರೆ. ಊರಿನವರು ಮಾತ್ರ ಸಲೀಸಾಗಿ ಒಳಹೊಕ್ಕು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಹಾದಿಯಲ್ಲಿ ಸಾಗಿ ಬೇರೊಂದು ಕೇರಿಯಲ್ಲಿ ಹೊರಬೀಳುತ್ತಾರೆ. ದಾಳಿ, ಗಲಭೆಗಳ ಕಾಲದಲ್ಲಿ ಜೀವ ಉಳಿಸಿಕೊಳ್ಳಲೆಂದು ಮಾಡಿಟ್ಟುಕೊಂಡ ಕಳ್ಳದಾರಿಗಳಿವು. ಮೊಬೈಲ್ ನಕ್ಷೆಯನ್ನು ನೆಚ್ಚಿಕೊಂಡು ಬಂದವರಿಗೆ ಇವು ಸಿಗುವುದಿಲ್ಲ.

ಐತಿಹಾಸಿಕ ನಗರವೊಂದನ್ನು ಸ್ಥಳೀಯರೊಬ್ಬರ ಜತೆ ಕಾಲ್ನಡಿಗೆಯಲ್ಲಿ ನೋಡುವುದು ಈಗ ಜಗತ್ತಿನೆಲ್ಲೆಡೆ ರೂಢಿಗೆ ಬಂದಿದೆ. ಬೇರೆ ಊರುಗಳಲ್ಲಿ ಅದೊಂದು ಅನುಕೂಲ. ಅಹಮದಾಬಾದಿನಲ್ಲಿ ಅದು ಅನಿವಾರ್ಯ. ಅಪರಿಚಿತರನ್ನು ಹೊರಗೇ ನಿಲ್ಲಿಸಲೆಂದು ಕಟ್ಟಿಕೊಂಡ ಊರು ಅದು. ಒಳಗೆ ಕರೆದೊಯ್ಯುವವರು ಒಳಗಿನವರೇ ಆಗಿರಬೇಕು.

ಸಬರಮತಿಯ ಪೂರ್ವದ ದಡದಲ್ಲಿ 1411ರಲ್ಲಿ ಸುಲ್ತಾನ ಅಹಮದ್ ಶಾ ಈ ನಗರಕ್ಕೆ ಅಡಿಪಾಯ ಹಾಕಿದ. ಪಾಟಣದಲ್ಲಿದ್ದ ರಾಜಧಾನಿ ಇಲ್ಲಿಗೆ ಬಂತು. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ಒಯ್ದ ಬಹಮನಿ ದೊರೆಯ ಹೆಸರೂ ಅಹಮದ್ ಶಾ. ಇಬ್ಬರೂ ಒಂದೇ ಕಾಲದವರು, ಪರಸ್ಪರ ಕಾದಾಡಿದವರು. ಗುಜರಾತಿನ ಅಹಮದ್ ಶಾ ಕಟ್ಟಿಸಿದ ಜಾಮಾ ಮಸೀದಿ ಸಿದ್ಧವಾದದ್ದು 1424ರಲ್ಲಿ. ಅದರ 260 ಕಂಬಗಳ ನಡುವೆ ನಿಂತರೆ ಗುಜರಾತಿನ ದೇವಾಲಯಗಳನ್ನು ಕಟ್ಟಿದ ಶಿಲ್ಪಿಗಳ ಕೈಚಳಕ ಎದ್ದು ಕಾಣುತ್ತದೆ. ಮಸೀದಿಯ ಮಿನಾರುಗಳು 1819ರ ಕಚ್ ಭೂಕಂಪದಲ್ಲಿ ಉರುಳಿದವು. ಬುಡ ಮಾತ್ರ ಉಳಿದಿದೆ.

ಆದರೆ ಅಹಮದಾಬಾದಿನ ಜೀವ ಇರುವುದು ಸ್ಮಾರಕಗಳಲ್ಲಲ್ಲ, ‘ಪೋಳ್’ಗಳಲ್ಲಿ. ಒಂದೇ ಜಾತಿಯ, ಒಂದೇ ಕಸುಬಿನ ಅಥವಾ ಒಂದೇ ಧರ್ಮದ ಕುಟುಂಬಗಳು ಒತ್ತೊತ್ತಾಗಿ ಮನೆ ಕಟ್ಟಿಕೊಂಡು, ಸುತ್ತ ಬಂದೋಬಸ್ತು ಮಾಡಿಕೊಂಡು, ಒಂದೇ ಹೆಬ್ಬಾಗಿಲು ಇಟ್ಟುಕೊಂಡ ಕೇರಿಯೇ ಪೋಳ್. ಕೋಟೆಯೊಳಗಿನ ಸುಮಾರು ಐದೂವರೆ ಚದರ ಕಿಲೋಮೀಟರಿನಲ್ಲಿ ಇಂಥವು ನೂರಾರು. 18ನೇ ಶತಮಾನದಲ್ಲಿ ಮೊಘಲರು ಮತ್ತು ಮರಾಠರ ನಡುವೆ ನಗರ ಸಿಕ್ಕಿಕೊಂಡು ನಲುಗಿದಾಗ ಈ ಕೇರಿಗಳ ಬಾಗಿಲುಗಳು ಇನ್ನಷ್ಟು ಗಟ್ಟಿಯಾದವು. ಆಳುವವರನ್ನು ನಂಬಿ ಕೂರಲಾಗದ ಕಾಲದಲ್ಲಿ ಜನ ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಂಡರು.

ಹೆಬ್ಬಾಗಿಲಿನ ಬಳಿ ಬಂದಾಗ ಮಾರ್ಗದರ್ಶಿ ಮೊದಲು ತಲೆಯೆತ್ತಿ ನೋಡಲು ಹೇಳುತ್ತಾರೆ. ಬಾಗಿಲಿನ ಮೇಲೆಯೇ ಒಂದು ಕೋಣೆ, ಕಾವಲುಗಾರನಿಗಾಗಿ ಕಟ್ಟಿದ್ದು. ರಾತ್ರಿ ಬಾಗಿಲು ಹಾಕಿದರೆ ಬೆಳಗಿನವರೆಗೆ ಯಾರೂ ಒಳಬರುವಂತಿರಲಿಲ್ಲ. ಬಾಗಿಲ ಪಕ್ಕದಲ್ಲಿ ಕರಿಹಲಗೆ. ಯಾರ ಮನೆಯಲ್ಲಿ ಸಾವಾಗಿದೆ, ಯಾವ ದಿನ ಪೂಜೆ, ಯಾವಾಗ ಸಭೆ ಎಂಬುದನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ಪೋಳಿನ ವ್ಯವಹಾರ ನೋಡಿಕೊಳ್ಳಲು ಪಂಚರಿರುತ್ತಿದ್ದರು. ಮನೆ ಮಾರುವುದಿದ್ದರೆ ಮೊದಲು ಕೇರಿಯವರನ್ನೇ ಕೇಳಬೇಕೆಂಬ ಕಟ್ಟುಪಾಡೂ ಇತ್ತು.

ಒಳಗೆ ಸ್ವಲ್ಪ ಅಗಲವಾದ ಜಾಗದಲ್ಲಿ ಒಂದು ಕಂಬ, ಅದರ ತುದಿಯಲ್ಲಿ ಪುಟ್ಟ ಮಂಟಪ. ಅದು ಚಬೂತರೊ, ಹಕ್ಕಿಗಳಿಗೆ ಕಾಳು ಹಾಕುವ ತಾಣ. ಕೇರಿ ಕಟ್ಟುವಾಗ ಮರಗಳು ಹೋದವು, ಹಕ್ಕಿಗಳಿಗೂ ಒಂದು ನೆಲೆ ಬೇಕಲ್ಲ ಎಂದು ಜೈನರೂ ವೈಷ್ಣವರೂ ಸೇರಿ ಇದನ್ನು ಎತ್ತಿ ನಿಲ್ಲಿಸಿದರು ಎಂದು ಇಲ್ಲಿನವರು ವಿವರಿಸುತ್ತಾರೆ. ಕೆಲವು ಚಬೂತರೊಗಳ ಮರದ ಕೆತ್ತನೆ ದೇವರ ರಥಕ್ಕೆ ಸಾಟಿಯಾಗುವಂತಿದೆ.

ಮನೆಯ ಹೊರಗಿನ ಜಗಲಿಗೆ ಗುಜರಾತಿಯಲ್ಲಿ ‘ಓಟಲೊ’ ಎನ್ನುತ್ತಾರೆ. ಸಂಜೆ ಹೆಂಗಸರು ತರಕಾರಿ ಹೆಚ್ಚುತ್ತ, ಮುದುಕರು ಪೇಪರ್ ಓದುತ್ತ ಕೂರುವ ಜಾಗ ಅದು. ಅಪರಿಚಿತರು ಬಂದದ್ದು ಕೇರಿಗೆಲ್ಲ ಗೊತ್ತಾಗುವುದೂ ಅಲ್ಲಿಂದಲೇ. ‘ಕೇಮ್ ಛೋ’ ಎಂದು ಮಾರ್ಗದರ್ಶಿ ಅಲ್ಲಿ ಕೂತವರನ್ನು ಮಾತಾಡಿಸಿದ ಮೇಲಷ್ಟೇ ಉಳಿದವರ ಮೇಲಿದ್ದ ಕಣ್ಣು ಸಡಿಲಗೊಳ್ಳುತ್ತದೆ. ಆ ಎರಡು ನಿಮಿಷದ ಮಾತಿಗಾಗಿಯೇ ಸ್ಥಳೀಯರೊಬ್ಬರು ಬೇಕು.

ಪರಿಚಯದ ಮನೆಯವರು ಒಳಗೆ ಕರೆದರೆ ನಡುವೆ ತೆರೆದ ಅಂಗಳ. ನಮ್ಮ ತೊಟ್ಟಿಮನೆ ಕಂಡವರಿಗೆ ಅದರ ಪರಿಚಯ ಹೇಳಬೇಕಿಲ್ಲ. ನೋಡಬೇಕಾದದ್ದು ಆ ಅಂಗಳದ ಕೆಳಗಿದೆ. ನೆಲದ ಕಲ್ಲುಗಳ ನಡುವೆ ಒಂದು ಮುಚ್ಚಳ. ಅದನ್ನೆತ್ತಿದರೆ ಕತ್ತಲೆಯ ಕೋಣೆ, ತಳದಲ್ಲಿ ನೀರು. ಇದು ‘ಟಾಂಕಾ’. ಮಾಳಿಗೆಯ ಮೇಲೆ ಬಿದ್ದ ಮಳೆ ಕೊಳವೆಯಲ್ಲಿಳಿದು ಇಲ್ಲಿ ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯನ್ನು ಗುಡಿಸಿ ತೊಳೆಯುತ್ತಾರೆ, ಮೊದಲ ಮಳೆಯ ನೀರನ್ನು ಹೊರಗೆ ಬಿಡುತ್ತಾರೆ. ಆಮೇಲಿನ ನೀರನ್ನಷ್ಟೇ ಒಳಗೆ ತೆಗೆದುಕೊಳ್ಳುತ್ತಾರೆ. ಗೋಡೆಗೆ ಸುಣ್ಣದ ಗಾರೆ. ಬಿಸಿಲು ತಾಗದ್ದರಿಂದ ಪಾಚಿ ಕಟ್ಟುವುದಿಲ್ಲ. ಮುಂದಿನ ಮಳೆಗಾಲದವರೆಗೆ ಕುಡಿಯಲು, ಅಡುಗೆಗೆ ಆ ನೀರು ಒದಗುತ್ತಿತ್ತು. ಸಬರಮತಿ ಬೇಸಿಗೆಯಲ್ಲಿ ಬತ್ತುತ್ತಿದ್ದ ನದಿ, ಬಾವಿಗಳ ನೀರು ಹಲವೆಡೆ ಉಪ್ಪು. ಹಾಗಿದ್ದೂ ಸಾವಿರಾರು ಮನೆಗಳ ಈ ಊರು ಬಾಳಿ ಬದುಕಿದ್ದು ಹೇಗೆಂಬ ಪ್ರಶ್ನೆಗೆ ಆ ಮುಚ್ಚಳದ ಕೆಳಗೆ ಉತ್ತರವಿದೆ.

ಲಂಬೇಶ್ವರ್‌ನೀ ಪೋಳಿನಲ್ಲಿ ಕವಿ ದಲಪತರಾಮ ಕೂತಿದ್ದಾರೆ. 1820ರಿಂದ 1898ರವರೆಗೆ ಬದುಕಿದ ಈ ಗುಜರಾತಿ ಕವಿಯ ಮನೆಯಿದ್ದ ಜಾಗದಲ್ಲಿ ನಗರಪಾಲಿಕೆ ಆ ಮನೆಯ ಮುಂಭಾಗವನ್ನು ಮರುನಿರ್ಮಿಸಿ, ಜಗಲಿಯ ಮೇಲೆ ಅವರ ಕಂಚಿನ ಪ್ರತಿಮೆಯನ್ನು ಕೂರಿಸಿದೆ. ಎತ್ತರದ ಪೀಠವಿಲ್ಲ, ಸುತ್ತ ಬೇಲಿಯಿಲ್ಲ. ಕೇರಿಯ ಮಕ್ಕಳು ಅವರ ಪಕ್ಕದಲ್ಲೇ ಕೂತು ಆಡುತ್ತವೆ. ಕವಿಗೆ ಸ್ಮಾರಕ ಕಟ್ಟಲು ಹೊರಟ ಯಾವ ಊರಾದರೂ ಒಮ್ಮೆ ಇದನ್ನು ನೋಡಿಬರಬೇಕು.

ಈ ನಡಿಗೆಗಳು ವ್ಯವಸ್ಥಿತ ರೂಪ ಪಡೆದದ್ದು 1997ರ ನವೆಂಬರ್ 19ರಂದು, ವಿಶ್ವ ಪರಂಪರೆ ಸಪ್ತಾಹದಲ್ಲಿ. ಅಹಮದಾಬಾದ್ ಮಹಾನಗರಪಾಲಿಕೆಯೇ ಮುಂದೆ ನಿಂತು, ‘ಕ್ರುಟಾ’ ಪ್ರತಿಷ್ಠಾನದ ನೆರವಿನಿಂದ ಪಾರಂಪರಿಕ ನಡಿಗೆ ಶುರುಮಾಡಿತು. 1822ರಲ್ಲಿ ಪ್ರತಿಷ್ಠಾಪನೆಗೊಂಡ ಕಾಲುಪುರದ ಸ್ವಾಮಿನಾರಾಯಣ ದೇವಾಲಯದಿಂದ ಬೆಳಗ್ಗೆ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುವ ದಾರಿ. ದೇವಾಲಯದಿಂದ ಮಸೀದಿಯವರೆಗೆ ಎಂಬ ಈ ಜೋಡಣೆ ಚೆನ್ನಾಗಿ ಯೋಚಿಸಿ ಮಾಡಿದ್ದು. ಎರಡೂವರೆ ತಾಸಿನಲ್ಲಿ ಊರಿನ ಎಲ್ಲ ಬಣ್ಣಗಳೂ ಕಣ್ಣಿಗೆ ಬೀಳುತ್ತವೆ. ಆದರೆ ಗುಂಪು ದೊಡ್ಡದು, ಸಮಯ ಕಟ್ಟುನಿಟ್ಟು. ಕೆತ್ತನೆಯ ಮುಂದೆ ಅರ್ಧ ತಾಸು ನಿಲ್ಲಬೇಕೆನ್ನುವವರಿಗೆ ಅಲ್ಲಿ ಅವಕಾಶವಿಲ್ಲ.

ಖಾಸಗಿ ನಡಿಗೆ ನೆರವಾಗುವುದು ಆಗಲೇ. ಇಬ್ಬರೋ ನಾಲ್ವರೋ ಸೇರಿ ಒಬ್ಬ ಸ್ಥಳೀಯ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ದಾರಿ ಅವರವರ ಆಸಕ್ತಿಯಂತೆ ತಿರುಗುತ್ತದೆ. ಮರದ ಕೆಲಸ ನೋಡುವವರಿಗೆ ಹರ್‌ಕುಂವರ್ ಶೇಠಾಣಿಯ ಹವೇಲಿ. ಗಂಡ ತೀರಿಕೊಂಡ ಮೇಲೆ ಎದೆಗುಂದದೆ, 1848ರಲ್ಲಿ ಹಠೀಸಿಂಗ್ ಜೈನ ದೇವಾಲಯವನ್ನು ಪೂರ್ತಿಗೊಳಿಸಿದ ಹೆಣ್ಣುಮಗಳು ಆಕೆ. ಪುಸ್ತಕದವರಿಗೆ ಫರ್ನಾಂಡಿಸ್ ಸೇತುವೆಯ ಕೆಳಗಿನ ಅಂಗಡಿಸಾಲು. ತಿಂಡಿಯವರಿಗೆ ಬೆಳಗಿನ ಬಿಸಿ ಫಾಫಡಾ, ಜಲೇಬಿ. ಬೇಕಿದ್ದರೆ ರಾತ್ರಿಯೂ ನಡೆಯಬಹುದು. ಹಗಲಿನ ಅಂಗಡಿ, ಗಾಡಿ, ಜನಜಂಗುಳಿ ಕರಗಿದ ಮೇಲೆ ಮೇಲಂತಸ್ತಿನ ತೊಲೆ, ಕಿಟಕಿ, ಕಂಬಗಳು ಮೊದಲ ಸಲ ಸರಿಯಾಗಿ ಕಾಣುತ್ತವೆ.

ರಾತ್ರಿಯ ನಡಿಗೆ ಮಾಣೇಕ್ ಚೌಕಕ್ಕೆ ಬಂದು ನಿಲ್ಲುವುದು ವಾಡಿಕೆ. ಹಗಲಲ್ಲಿ ಇದು ಚಿನ್ನ ಬೆಳ್ಳಿಯ ಪೇಟೆ. 1894ರಲ್ಲಿ ಹುಟ್ಟಿದ ಅಹಮದಾಬಾದ್ ಷೇರು ವಿನಿಮಯ ಕೇಂದ್ರದ ಹಳೆಯ ಕಟ್ಟಡವೂ ಇಲ್ಲೇ. ಅಕ್ಕಸಾಲಿಗರು ಬಾಗಿಲೆಳೆದ ಮೇಲೆ ಅದೇ ಜಾಗದಲ್ಲಿ ಒಲೆಗಳು ಹೊತ್ತಿಕೊಳ್ಳುತ್ತವೆ, ಮಧ್ಯರಾತ್ರಿ ದಾಟಿದರೂ ಜನ ಕರಗುವುದಿಲ್ಲ. ಚೌಕದ ಒಂದು ಕಡೆ ನಗರ ಕಟ್ಟಿದ ಅಹಮದ್ ಶಾನ ಗೋರಿ, ಇನ್ನೊಂದು ಕಡೆ ರಾಣಿಯರ ಗೋರಿ. ರಾಣಿಯರ ಗೋರಿಯ ಸುತ್ತ ಒಡವೆ, ಬಟ್ಟೆಯ ಅಂಗಡಿಗಳು ಒತ್ತಿಕೊಂಡಿವೆ. ನಗರ ಕಟ್ಟಿದವರ ಸುತ್ತಲೇ ವ್ಯಾಪಾರ ಬೆಳೆದದ್ದು ಈ ವರ್ತಕರ ಊರಿಗೆ ಒಪ್ಪುತ್ತದೆ.

ಮೂರು ಕಮಾನುಗಳ ಹೆಬ್ಬಾಗಿಲು ತೀನ್ ದರ್ವಾಜಾದ ಗೂಡಿನಲ್ಲಿ ಒಂದು ದೀಪ ಉರಿಯುತ್ತಿರುತ್ತದೆ. ಅದರ ಕತೆಯನ್ನು ಊರವರು ಹೀಗೆ ಹೇಳುತ್ತಾರೆ: ಒಂದು ರಾತ್ರಿ ಲಕ್ಷ್ಮಿ ನಗರ ಬಿಟ್ಟು ಹೊರಟಳು. ಕಾವಲಿನ ಕೊತ್ವಾಲ ಸಿದ್ದೀಕ್ ಅವಳನ್ನು ತಡೆದು, ಸುಲ್ತಾನನ ಅಪ್ಪಣೆ ತರುತ್ತೇನೆ, ನಾನು ಬರುವವರೆಗೆ ಇಲ್ಲೇ ಇರು ಎಂದು ಮಾತು ತೆಗೆದುಕೊಂಡ. ತಾನು ಹಿಂದಿರುಗದಿದ್ದರೆ ಅವಳು ಹೋಗಲಾರಳು ಎಂದು ತಿಳಿದು ತನ್ನ ತಲೆಯನ್ನೇ ಕೊಟ್ಟ. ಲಕ್ಷ್ಮಿ ಇಲ್ಲೇ ಉಳಿದಳು. ಆಕೆಯ ಹೆಸರಿನ ಆ ದೀಪಕ್ಕೆ ಎಣ್ಣೆ ಹಾಕುತ್ತ ಬಂದಿರುವುದು ಒಂದು ಮುಸ್ಲಿಂ ಕುಟುಂಬ. ಕೋಮು ಗಲಭೆಗಳಲ್ಲಿ ಮತ್ತೆ ಮತ್ತೆ ಬೆಂದ ನಗರ ಇದು. ಅಲ್ಲಿನವರೇ ಆ ಕಮಾನಿನ ಕೆಳಗೆ ನಿಂತು ಈ ಕತೆ ಹೇಳಿದಾಗ ಕೇಳುವವರ ಗಂಟಲು ಕಟ್ಟುತ್ತದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ 1573ರ ಸೀದಿ ಸಯ್ಯದ್ ಮಸೀದಿ. ಕಲ್ಲಿನಲ್ಲಿ ಮರವೊಂದನ್ನು ಬಿಡಿಸಿದ ಅದರ ಜಾಲಂಧ್ರ ಅಹಮದಾಬಾದಿನ ಐಐಎಂ ಲಾಂಛನಕ್ಕೆ ಪ್ರೇರಣೆಯಾಗಿ ದೇಶಕ್ಕೆಲ್ಲ ಪರಿಚಿತ. ಕನ್ನಡಿಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಮಸೀದಿಯನ್ನು ಕಟ್ಟಿಸಿದ ಸೀದಿ ಸಯ್ಯದ್ ಆಫ್ರಿಕಾ ಮೂಲದವನು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ನಮ್ಮ ಸಿದ್ದಿಗಳ ಪೂರ್ವಜರೂ ಅದೇ ಖಂಡದಿಂದ ಕಡಲು ದಾಟಿ ಬಂದವರು. ಆ ಸಮುದಾಯವನ್ನು ಗುಲಾಮಗಿರಿಯ ಕತೆಯಿಂದ ಮಾತ್ರ ಬಲ್ಲವರು ಈ ಜಾಲಂಧ್ರವನ್ನು ಕಣ್ತುಂಬ ನೋಡಬೇಕು.

2017ರ ಜುಲೈನಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರವೆಂದು ಪಟ್ಟಿಗೆ ಸೇರಿಸಿತು. ಆ ಮನ್ನಣೆ ಪಡೆದ ಭಾರತದ ಮೊದಲ ನಗರ ಇದು. ಜೈಪುರದ ಸರದಿ ಬಂದದ್ದು 2019ರಲ್ಲಿ. ಪಟ್ಟಿಗೆ ಸೇರಿದ್ದರಿಂದಲೇ ಪೋಳ್‌ಗಳು ಉಳಿಯುವುದಿಲ್ಲ. ನದಿಯಾಚೆಯ ಪಶ್ಚಿಮ ಭಾಗದಲ್ಲಿ ಕಾರು ನಿಲ್ಲಿಸಲು ಜಾಗವಿರುವ ಮನೆಗಳೆದ್ದಂತೆ ಕುಟುಂಬಗಳು ಅತ್ತ ಹೋದವು. ಬಿಟ್ಟುಹೋದ ಮನೆಗಳು ಗೋದಾಮುಗಳಾದವು. ಕೆತ್ತನೆಯ ಕಂಬಗಳು ಹಳೆ ಸಾಮಾನಿನ ಅಂಗಡಿಗೆ ಹೋದವು. ಮನೆ ಕೆಡವದೆ ಉಳಿಸಿಕೊಂಡವರಿಗೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಕೊಡುವ ವ್ಯವಸ್ಥೆಯನ್ನು ಪಾಲಿಕೆ ತಂದಿದೆ. ಉತ್ತರಾಯಣದ ಹಬ್ಬಕ್ಕೆ, ಜನವರಿ 14ರಂದು, ಬಿಟ್ಟುಹೋದವರೂ ಗಾಳಿಪಟ ಹಾರಿಸಲು ಹಳೆಯ ಮಾಳಿಗೆಗಳಿಗೆ ಮರಳುತ್ತಾರೆ. ಆ ದಿನಕ್ಕೆ ಮಾಳಿಗೆ ಬಾಡಿಗೆಗೆ ಕೊಡುವವರೂ ಇದ್ದಾರೆ. ನಡಿಗೆಯ ಹಣವೂ ಹೀಗೆಯೇ ಕೇರಿಯೊಳಗೆ ಇಳಿದರೆ, ಮನೆಯನ್ನು ಮಾರದೆ ಇಟ್ಟುಕೊಳ್ಳಲು ಮತ್ತೊಂದು ಕಾರಣ ಸಿಗುತ್ತದೆ.

ಹೀಗಾಗಿ ಮಾರ್ಗದರ್ಶಿಯನ್ನು ಆರಿಸುವಾಗ ಮೊದಲ ಪ್ರಶ್ನೆ: ಅವರು ಈ ಕೇರಿಗಳಲ್ಲಿ ಬೆಳೆದವರೇ, ವಾಸವಿರುವವರೇ? ಎಷ್ಟು ತಾಸು, ಎಷ್ಟು ಹಣ, ತಿಂಡಿ ಸೇರಿದೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತ. ದೇವಾಲಯ, ಜೈನರ ದೇರಾಸರ, ಮಸೀದಿಗಳಿಗೆ ಹೋಗುವುದರಿಂದ ಮೈಮುಚ್ಚುವ ಬಟ್ಟೆ, ಸುಲಭವಾಗಿ ಬಿಚ್ಚಬಹುದಾದ ಚಪ್ಪಲಿ ಬೇಕು. ಜಗಲಿಯಲ್ಲಿ ಕೂತವರ ಫೋಟೊ ತೆಗೆಯುವ ಮುನ್ನ ಕೇಳಲೇಬೇಕು. ಜನ ಅಡುಗೆ ಮಾಡುವ, ಮಕ್ಕಳಿಗೆ ಪಾಠ ಹೇಳಿಕೊಡುವ ಮನೆಗಳಿವು. ಟಿಕೆಟ್ ಪಡೆದು ನೋಡುವ ಪ್ರದರ್ಶನವಲ್ಲ.

ಕರ್ನಾಟಕದಲ್ಲಿ ಇಂಥ ನಡಿಗೆಗೆ ತಕ್ಕ ಊರುಗಳಿಗೆ ಕೊರತೆಯಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂದು ಕಸುಬುಗಳೇ ಇಂದಿಗೂ ವಿಳಾಸಗಳಾಗಿವೆ. ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಬರುವ ದಾರಿ ಅಲ್ಲೇ ಇದೆ. ಇಂಟ್ಯಾಕ್‌ನ ಬೆಂಗಳೂರು ಶಾಖೆಯಂಥ ಸಂಸ್ಥೆಗಳು ನಡಿಗೆಗಳನ್ನು ನಡೆಸುತ್ತ ಬಂದಿವೆ. ಆದರೆ ಅಹಮದಾಬಾದಿನ ಪಾಲಿಕೆ ಮಾಡಿದಂತೆ, ನಗರದ ಆಡಳಿತವೇ ಮುಂದೆ ನಿಂತು, ಪ್ರತಿ ದಿನ ಬೆಳಗ್ಗೆ ತಪ್ಪದೆ ಹೊರಡುವ ಒಂದು ನಡಿಗೆ ಬೆಂಗಳೂರಿಗೆ, ಮೈಸೂರಿಗೆ, ಬೀದರಿಗೆ, ವಿಜಯಪುರಕ್ಕೆ ಬೇಕು. ಪೇಟೆಯಲ್ಲೇ ಹುಟ್ಟಿ ಬೆಳೆದ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಕನ್ನಡದಲ್ಲಿ ಊರಿನ ಕತೆ ಹೇಳುವ ಕೆಲಸವನ್ನು ಅವರಿಗೇ ವಹಿಸಬೇಕು. ಹಳೆಯ ಪೇಟೆಯನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ಕೇಳಿ ಕಲಿಯುವ ಕೆಲಸ ಈಗಲೇ ಶುರುವಾಗಲಿ.