ಕನಸು ಕಂಡವರು ಯಾರು, ಬರೆದವರು ಯಾರು?

ಬಾಣಾಸುರನ ಮಗಳು ಉಷೆಯ ಕಥೆ ಯಕ್ಷಗಾನದ ಪ್ರೇಕ್ಷಕರಿಗೆ ಹೊಸದಲ್ಲ. ಕನಸಿನಲ್ಲಿ ಬಂದ ಚೆಲುವನಿಗೆ ಮನಸೋತ ಆಕೆ ಎಚ್ಚರಾದ ಮೇಲೆ ಅವನಿಗಾಗಿ ಹಂಬಲಿಸುತ್ತಾಳೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆಗ ನೆರವಿಗೆ ಬರುವವಳು ಗೆಳತಿ ಚಿತ್ರಲೇಖೆ. ದೇವತೆಗಳು, ಗಂಧರ್ವರು, ಭೂಲೋಕದ ರಾಜರು ಎಂದು ಒಬ್ಬೊಬ್ಬರ ಚಿತ್ರವನ್ನೇ ಬರೆದು ತೋರಿಸುತ್ತಾ ಹೋಗುತ್ತಾಳೆ. ಯಾದವರ ಸರದಿ ಬಂದು, ಪ್ರದ್ಯುಮ್ನನ ಚಿತ್ರ ಕಂಡಾಗ ಉಷೆಗೆ ನಾಚಿಕೆ. ಅವನ ಮಗ ಅನಿರುದ್ಧನ ಚಿತ್ರ ಕಂಡಾಗ ತಲೆ ತಗ್ಗಿಸಿ ‘ಇವನೇ’ ಎನ್ನುತ್ತಾಳೆ.

ಭಾಗವತದ ಈ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಚಿತ್ರ ಬರೆದವಳು ಕನಸು ಕಂಡವಳಲ್ಲ. ಆಕೆ ಬರೆದದ್ದೆಲ್ಲ ಎಚ್ಚರದ ಲೋಕದ ಮುಖಗಳನ್ನೇ. ಅವುಗಳಲ್ಲಿ ಒಂದು ಕನಸಿನದು ಎಂದು ಗುರುತಿಸಿದ್ದು ಮಾತ್ರ ಉಷೆ.

ಇಂದಿಗೂ ವಿಚಿತ್ರವಾದ ಚಿತ್ರವೊಂದರ ಮುಂದೆ ನಿಂತಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ‘ಕನಸಿನಂತಿದೆ’ ಎಂಬುದು. ಅದರ ಹಿಂದೆಯೇ ಒಂದು ಊಹೆಯೂ ಬರುತ್ತದೆ: ಕಲಾವಿದ ಇಂಥದ್ದೊಂದು ಕನಸು ಕಂಡಿರಬೇಕು, ಬೆಳಿಗ್ಗೆ ಎದ್ದು ಬರೆದಿರಬೇಕು. ಆದರೆ ಚಿತ್ರಕಲೆಯ ಇತಿಹಾಸವನ್ನು ಕೆದಕಿದರೆ ಬಹುಪಾಲು ಇದಕ್ಕೆ ತದ್ವಿರುದ್ಧವಾದದ್ದೇ ಸಿಗುತ್ತದೆ. ನಿಜವಾಗಿ ಕಂಡ ಕನಸನ್ನು ದಾಖಲಿಸಿದ ಚಿತ್ರ ಕನಸಿನಂತೆ ಕಾಣುವುದಿಲ್ಲ. ಕನಸಿನಂತೆ ಕಾಣುವ ಚಿತ್ರದ ಹಿಂದೆ ಎಷ್ಟೋ ಸಲ ಕನಸೇ ಇರುವುದಿಲ್ಲ.

ಮೊದಲು ಹಳೆಯ ಕನಸುಗಳನ್ನು ನೋಡೋಣ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಭಾರ್ಹುತ್ ಸ್ತೂಪದ ಒಂದು ದುಂಡು ಶಿಲ್ಪಫಲಕ ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಬುದ್ಧನ ತಾಯಿ ಮಾಯಾದೇವಿ ಮಂಚದ ಮೇಲೆ ಮಲಗಿದ್ದಾಳೆ, ಮೇಲಿನಿಂದ ಆನೆಯೊಂದು ಇಳಿದು ಬರುತ್ತಿದೆ. ಮಂಜಿಲ್ಲ, ಮಬ್ಬಿಲ್ಲ. ಮಂಚ ಎಷ್ಟು ಗಟ್ಟಿಯೋ ಆನೆಯೂ ಅಷ್ಟೇ ಗಟ್ಟಿ. ಪಶ್ಚಿಮ ಭಾರತದ ಜೈನ ಕಲ್ಪಸೂತ್ರದ ಹಸ್ತಪ್ರತಿಗಳಲ್ಲಿ ಮಹಾವೀರನ ತಾಯಿ ತ್ರಿಶಲೆ ಕಂಡ ಹದಿನಾಲ್ಕು ಸ್ವಪ್ನಗಳನ್ನು ಸಾಲಾಗಿ ಜೋಡಿಸಿ ಬರೆದಿದ್ದಾರೆ: ಆನೆ, ಎತ್ತು, ಸಿಂಹ, ಲಕ್ಷ್ಮಿ, ಹೂಮಾಲೆ ಹೀಗೆ. ನಮ್ಮ ಕರ್ನಾಟಕದ ದಿಗಂಬರ ಪರಂಪರೆಯಲ್ಲಿ ಸ್ವಪ್ನಗಳು ಹದಿನಾರು. ಜೋಡಿ ಮೀನು, ಸಿಂಹಾಸನ ಮೊದಲಾದವು ಅದರಲ್ಲಿ ಸೇರುತ್ತವೆ. ಇವು ಒಬ್ಬಳ ಖಾಸಗಿ ಕನಸುಗಳಲ್ಲ. ಹುಟ್ಟಲಿರುವ ತೀರ್ಥಂಕರನ ಮುನ್ಸೂಚನೆಗಳು. ಎಣಿಕೆ ತಪ್ಪುವಂತಿಲ್ಲ, ವಸ್ತು ಬದಲಾಗುವಂತಿಲ್ಲ. ನೋಡುವ ಭಕ್ತನಿಗೆ ಪಟ್ಟಿ ಮೊದಲೇ ಗೊತ್ತು.

ಯಾರೂ ಅರ್ಥ ಹೇಳದ, ತನಗೆ ಮಾತ್ರ ಬಿದ್ದ ಕನಸನ್ನು ಕಲಾವಿದನೊಬ್ಬ ತನ್ನ ಕೈಯಿಂದಲೇ ಬರೆದಿಟ್ಟ ಪ್ರಸಿದ್ಧ ಉದಾಹರಣೆಗೆ ನಾವು ಜರ್ಮನಿಗೆ ಹೋಗಬೇಕು. ನ್ಯೂರೆಂಬರ್ಗ್ ನಗರದ ಆಲ್‌ಬ್ರೆಕ್ಟ್ ಡ್ಯೂರರ್ ಯುರೋಪಿನ ಹೆಸರಾಂತ ಚಿತ್ರಕಾರ. 1525ರ ಜೂನ್ 7 ಮತ್ತು 8ರ ನಡುವಿನ ರಾತ್ರಿ ಆತನಿಗೆ ಒಂದು ಕನಸು ಬಿತ್ತು. ಆಕಾಶದಿಂದ ಭಾರೀ ನೀರು ಸುರಿಯುತ್ತಿದೆ. ಮೊದಲ ಧಾರೆ ಸುಮಾರು ನಾಲ್ಕು ಮೈಲಿ ದೂರದಲ್ಲಿ ಭೀಕರ ಸದ್ದಿನೊಂದಿಗೆ ನೆಲಕ್ಕಪ್ಪಳಿಸಿ ಇಡೀ ಸೀಮೆಯನ್ನೇ ಮುಳುಗಿಸಿತು. ಆ ಭಯಕ್ಕೆ ಡ್ಯೂರರನಿಗೆ ಎಚ್ಚರವಾಯಿತು. ಮೈಯೆಲ್ಲ ನಡುಗುತ್ತಿತ್ತು, ಬಹಳ ಹೊತ್ತು ಸುಧಾರಿಸಿಕೊಳ್ಳಲಾಗಲಿಲ್ಲ. ಬೆಳಿಗ್ಗೆ ಎದ್ದವನೇ ಕಂಡದ್ದನ್ನು ಜಲವರ್ಣದಲ್ಲಿ ಬರೆದ. ಕೆಳಗೆ ಕೆಲವು ಸಾಲು ವಿವರಣೆ ಬರೆದು, ದೇವರು ಎಲ್ಲವನ್ನೂ ಒಳ್ಳೆಯದು ಮಾಡಲಿ ಎಂಬರ್ಥದ ಮಾತು ಸೇರಿಸಿ ಸಹಿ ಹಾಕಿದ. ಆ ಹಾಳೆ ಈಗ ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿದೆ.

ಕನಸಿಗೆ ಹಿನ್ನೆಲೆ ಇಲ್ಲದಿಲ್ಲ. 1524ರ ಫೆಬ್ರವರಿಯಲ್ಲಿ ಗ್ರಹಗಳು ಮೀನ ರಾಶಿಯಲ್ಲಿ ಕೂಡಲಿದ್ದವು. ಅದರಿಂದ ಜಲಪ್ರಳಯವಾಗುತ್ತದೆ ಎಂದು ಜ್ಯೋತಿಷಿಗಳು ಹೇಳಿದ್ದರು. ಜರ್ಮನಿಯ ಮುದ್ರಣಾಲಯಗಳು ಈ ಬಗ್ಗೆ ಕರಪತ್ರಗಳ ಮೇಲೆ ಕರಪತ್ರ ಹೊರಡಿಸಿದ್ದವು. ಪ್ರಳಯವೇನೋ ಆಗಲಿಲ್ಲ. ಆದರೆ 1525ರಲ್ಲಿ ರೈತರ ದಂಗೆ ಎದ್ದು ದೇಶ ರಕ್ತದಲ್ಲಿ ತೊಯ್ದಿತ್ತು. ಊರೆಲ್ಲ ಮಾತಾಡಿಕೊಂಡ ಭಯ ಒಂದು ವರ್ಷ ತಡವಾಗಿ ಒಬ್ಬನ ನಿದ್ದೆಯೊಳಗೆ ಇಳಿದಿತ್ತು ಎನ್ನಬಹುದೇನೋ.

ಆದರೆ ಚಿತ್ರವನ್ನು ನೋಡಿದವರಿಗೆ ಮೊದಲಿಗೆ ನಿರಾಸೆಯೇ ಆಗುತ್ತದೆ. ಬಯಲು ಸೀಮೆ, ಅಲ್ಲಲ್ಲಿ ಒಂದಿಷ್ಟು ಮರಗಳು, ನಡುವೆ ಕಡುನೀಲಿಯ ಕಂಬದಂಥ ನೀರು, ಅಕ್ಕಪಕ್ಕ ಇನ್ನಷ್ಟು ತೆಳು ಧಾರೆಗಳು. ಅಷ್ಟೇ. ದೂರದಲ್ಲಿ ಮಳೆ ಸುರಿಯುತ್ತಿರುವುದನ್ನು ಹೊಲದ ಬದುವಿನಲ್ಲಿ ನಿಂತು ನೋಡಿದಂತಿದೆ. ನಡುಕ ಇರುವುದು ಕೆಳಗಿನ ಬರಹದಲ್ಲಿ. ನೀರು ಎಷ್ಟು ಎತ್ತರದಿಂದ ಬೀಳುತ್ತಿತ್ತೆಂದರೆ ನಿಧಾನವಾಗಿ ಇಳಿದಂತೆ ಕಂಡಿತು, ನೆಲ ಮುಟ್ಟುವಾಗ ಗಾಳಿ, ಮೊರೆತ, ವೇಗ ಎಲ್ಲ ಒಟ್ಟಿಗೆ ಬಂದವು ಎನ್ನುತ್ತಾನೆ ಡ್ಯೂರರ್. ನಿಧಾನ, ವೇಗ, ಸದ್ದು, ಗಾಳಿ ಇವುಗಳಲ್ಲಿ ಒಂದಾದರೂ ಹಾಳೆಯ ಮೇಲೆ ಕೂರುವಂಥದ್ದೆ? ಗೆರೆಯ ಮೇಲೆ ಅಂಥ ಹಿಡಿತವಿದ್ದವನಿಗೇ ಮಾತಿನ ಆಸರೆ ಬೇಕಾಯಿತು. ಹಾಗೆಂದು ಇದು ಸೋತ ಚಿತ್ರವಲ್ಲ. ಚೆಂದ ಮಾಡುವ ಆಸೆಯನ್ನು ಬಿಟ್ಟು ಕಂಡಷ್ಟನ್ನೇ ಬರೆದ ಪ್ರಾಮಾಣಿಕತೆ ಅದರಲ್ಲಿದೆ.

ಇದಾಗಿ ತೊಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ ಮೊಗಲ್ ಆಸ್ಥಾನದಲ್ಲಿ ಇನ್ನೊಂದು ಕನಸು ಚಿತ್ರವಾಯಿತು. ಇಲ್ಲಿ ಮಾತ್ರ ಚಿತ್ರಲೇಖೆಯ ಕಥೆಯಂತೆ ಕಂಡವರೇ ಬೇರೆ, ಬರೆದವರೇ ಬೇರೆ. ಕನಸು ಕಂಡವನು ಬಾದಶಹ ಜಹಾಂಗೀರ್, ಬರೆದವನು ಅವನ ಮೆಚ್ಚಿನ ಚಿತ್ರಕಾರ ಅಬುಲ್ ಹಸನ್, ಕಾಲ ಸುಮಾರು 1618. ಪರ್ಷಿಯಾದ ಷಾ ಅಬ್ಬಾಸ್ ಕನಸಿನಲ್ಲಿ ಬಂದು ಸಂತೋಷವುಂಟುಮಾಡಿದ ಎಂದು ಚಿತ್ರದ ಮೇಲಿನ ಬರಹವೇ ಹೇಳುತ್ತದೆ. ಇಬ್ಬರೂ ನಿಜಜೀವನದಲ್ಲಿ ಒಮ್ಮೆಯೂ ಭೇಟಿಯಾದವರಲ್ಲ. ಇಬ್ಬರಿಗೂ ಕಂದಹಾರ್ ಕೋಟೆಯ ಮೇಲೆ ಕಣ್ಣು.

ಚಿತ್ರದಲ್ಲಿ ಇಬ್ಬರೂ ಭೂಗೋಳದ ಮೇಲೆ ನಿಂತು ಅಪ್ಪಿಕೊಂಡಿದ್ದಾರೆ. ಜಹಾಂಗೀರ್ ಎತ್ತರ, ದಷ್ಟಪುಷ್ಟ. ಷಾ ಸಣಕಲು, ತುಸು ಬಾಗಿದ್ದಾನೆ. ಬಾದಶಹನ ಕಾಲ ಕೆಳಗೆ ಸಿಂಹ, ಷಾನ ಕಾಲ ಕೆಳಗೆ ಕುರಿ. ಎರಡೂ ಶಾಂತವಾಗಿ ಮಲಗಿವೆ. ಆದರೆ ಕಣ್ಣಿಟ್ಟು ನೋಡಿದರೆ ಮೊಗಲರ ಸಿಂಹ ಪರ್ಷಿಯಾದ ನೆಲದ ಮೇಲೂ ಮೈಚಾಚಿಕೊಂಡು ಕುರಿಯನ್ನು ಮೆಡಿಟರೇನಿಯನ್ ಸಮುದ್ರದ ಕಡೆಗೆ ತಳ್ಳುತ್ತಿರುವುದು ಗೊತ್ತಾಗುತ್ತದೆ! ಹಿಂದೆ ಸೂರ್ಯಚಂದ್ರರು ಕೂಡಿದ ಪ್ರಭಾವಳಿ, ಅದನ್ನು ಹೊತ್ತ ಯುರೋಪಿನ ರೆಕ್ಕೆಮಕ್ಕಳು. ನಿದ್ದೆಯಲ್ಲಿ ಜಹಾಂಗೀರ್ ಕಂಡದ್ದು ಎಷ್ಟು, ಎಚ್ಚರದಲ್ಲಿ ಆಸ್ಥಾನ ಸೇರಿಸಿದ್ದು ಎಷ್ಟು ಎಂದು ಬೇರ್ಪಡಿಸುವುದು ಅಸಾಧ್ಯ. ಕುರಿಯನ್ನು ತಳ್ಳುವ ಜಾಣತನ ನಿದ್ದೆಯದಾಗಿರಲಾರದು ಎಂದು ನನಗೆ ತೋರುತ್ತದೆ. ಇಂದು ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿರುವ ಈ ಚಿತ್ರದ ಮುಂದಿನ ಕಥೆ ಚುಟುಕಾದದ್ದು: 1622ರಲ್ಲಿ ಷಾ ಅಬ್ಬಾಸ್ ಕಂದಹಾರವನ್ನು ಗೆದ್ದುಕೊಂಡ.

ಡ್ಯೂರರನ ಕನಸಿಗೆ ಅರ್ಥ ಹೇಳುವವರಿರಲಿಲ್ಲ, ಜಹಾಂಗೀರನ ಕನಸಿಗೆ ಅರ್ಥ ಬೇಕಾದಂತೆ ಸಿಕ್ಕಿತು. ಕನಸಿಗೆ ಅದನ್ನು ಕಂಡವನ ಬದುಕಿನಲ್ಲೇ ಅರ್ಥವಿದೆ, ಅದನ್ನು ಶಾಸ್ತ್ರೀಯವಾಗಿ ಹುಡುಕಬಹುದು ಎಂದು ಹೊರಟವನು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಅರ್ಥವಿವರಣೆ ಕುರಿತ ಆತನ ಗ್ರಂಥ 1899ರ ಕೊನೆಯಲ್ಲಿ ಹೊರಬಂತು, ಮುಖಪುಟದಲ್ಲಿ ಮಾತ್ರ 1900 ಎಂದಿತ್ತು. ಕನಸಿನಲ್ಲಿ ನಮಗೆ ಕಾಣುವುದು ಮೇಲಿನ ವೇಷ. ಅದರೊಳಗಿನ ಆಸೆ, ಅಂಜಿಕೆ ಬೇರೆಯೇ ಎಂಬುದು ಆತನ ವಾದ. ವೇಷ ಕಟ್ಟುವ ಬಗೆಯನ್ನೂ ಆತ ವಿವರಿಸಿದ. ಹಲವು ಮುಖಗಳು ಸೇರಿ ಒಂದು ಮುಖವಾಗುತ್ತವೆ. ಮುಖ್ಯವಾದದ್ದು ಮೂಲೆಗೆ ಸರಿದು ಕ್ಷುಲ್ಲಕವಾದದ್ದು ನಡುವೆ ಬಂದು ಕೂರುತ್ತದೆ. ಮಾತು ಚಿತ್ರವಾಗುತ್ತದೆ. ಫ್ರಾಯ್ಡನ ಎಷ್ಟೋ ತೀರ್ಮಾನಗಳನ್ನು ಇಂದಿನ ವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಚಿತ್ರಕಾರರಿಗೆ ಬೇಕಾಗಿದ್ದು ತೀರ್ಮಾನವಲ್ಲ, ಈ ವೇಷ ಕಟ್ಟುವ ವಿದ್ಯೆ.

ಪ್ಯಾರಿಸ್ಸಿನ ಕವಿ ಆಂದ್ರೆ ಬ್ರೆತಾನ್ 1924ರಲ್ಲಿ ಸರ್ರಿಯಲಿಸಂನ, ಅಂದರೆ ಅತಿವಾಸ್ತವವಾದದ, ಪ್ರಣಾಳಿಕೆ ಹೊರಡಿಸಿದಾಗ ಕನಸು ಮತ್ತು ಎಚ್ಚರಗಳ ನಡುವಿನ ಗೋಡೆಯನ್ನು ಕೆಡವುವುದೇ ಅದರ ಗುರಿಯಾಗಿತ್ತು. ವೈದ್ಯಕೀಯ ಓದಿ, ಮೊದಲ ಮಹಾಯುದ್ಧದಲ್ಲಿ ಮನೋರೋಗಿ ಸೈನಿಕರ ಆರೈಕೆ ಮಾಡಿದ್ದ ಬ್ರೆತಾನ್‌ಗೆ ಫ್ರಾಯ್ಡ್ ಗುರುಸಮಾನ. ಗುರುವಿಗೆ ಮಾತ್ರ ಶಿಷ್ಯರ ಮೇಲೆ ಅಂಥ ಅಭಿಮಾನವೇನೂ ಇರಲಿಲ್ಲ. ಬ್ರೆತಾನ್ ಕನಸುಗಳ ಸಂಕಲನವೊಂದಕ್ಕೆ ಲೇಖನ ಕೇಳಿದಾಗ 1937ರಲ್ಲಿ ಫ್ರಾಯ್ಡ್ ನಿರಾಕರಿಸಿದ. ಕಂಡವನ ನೆನಪು, ಸಂದರ್ಭಗಳಿಲ್ಲದೆ ಬರೀ ಕನಸುಗಳನ್ನು ಕೂಡಿಹಾಕಿದರೆ ತನಗೆ ಅದರಿಂದ ಏನೂ ತಿಳಿಯದು ಎಂಬುದು ಆತ ಕೊಟ್ಟ ಕಾರಣ. ಈ ಮಾತು ಚಿತ್ರಗಳಿಗೂ ಅನ್ವಯಿಸುತ್ತದೆ. ಪಕ್ಕದಲ್ಲಿ ಕನಸುಗಾರನೇ ಇಲ್ಲದ ಮೇಲೆ ಗೋಡೆಯ ಮೇಲಿನ ಚಿತ್ರವನ್ನು ಅವನ ಮನಸ್ಸಿನ ಎಕ್ಸ್-ರೇ ಎಂದು ಓದುವುದು ಹೇಗೆ?

ಮರುವರ್ಷ, 1938ರ ಜುಲೈನಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದ್ದ ಮುದುಕ ಫ್ರಾಯ್ಡನನ್ನು ಸಾಲ್ವಡಾರ್ ಡಾಲಿ ಕಾಣಲು ಹೋದ. ಸಾಹಿತಿ ಸ್ಟೆಫಾನ್ ಜ್ವೈಗ್ ಏರ್ಪಡಿಸಿದ್ದ ಭೇಟಿ ಅದು. ಡಾಲಿ ತನ್ನ ನಾರ್ಸಿಸಸ್ ಚಿತ್ರವನ್ನು ಜೊತೆಗೆ ಒಯ್ದಿದ್ದ. ಈ ಜನ ಶುದ್ಧ ಹುಚ್ಚರು ಎಂದುಕೊಂಡಿದ್ದೆ, ಈ ಸ್ಪೇನಿನ ಯುವಕನ ಕೈಚಳಕ ನೋಡಿ ಅಭಿಪ್ರಾಯ ಬದಲಿಸಬೇಕಾಗಿದೆ ಎಂಬರ್ಥದ ಪತ್ರವನ್ನು ಮರುದಿನ ಫ್ರಾಯ್ಡ್ ಜ್ವೈಗ್‌ಗೆ ಬರೆದ. ಆತ ಮೆಚ್ಚಿದ್ದು ಕುಶಲತೆಯನ್ನು, ಎಚ್ಚರದ ಗುಣವನ್ನು.

ಡಾಲಿಯ ಹೆಸರು ಕೇಳಿದೊಡನೆ ನೆನಪಾಗುವುದು ಕರಗಿ ಜೋತುಬಿದ್ದ ಗಡಿಯಾರಗಳು. 1931ರ ಆ ಚಿತ್ರ ಜಗತ್ತಿನ ‘ಕನಸಿನ ಚಿತ್ರ’ಗಳಲ್ಲೆಲ್ಲ ಹೆಚ್ಚು ಪರಿಚಿತವಾದದ್ದು. ಅಳತೆ ಮಾತ್ರ 24 ಸೆಂಟಿಮೀಟರ್‌ಗೆ 33, ಅಂದರೆ ಹೆಚ್ಚುಕಡಿಮೆ ಶಾಲಾ ಸ್ಲೇಟಿನಷ್ಟು. ಅದು ಹುಟ್ಟಿದ್ದು ಹೇಗೆಂದು ಡಾಲಿಯೇ ಹೇಳಿಕೊಂಡಿದ್ದಾನೆ. ತನ್ನೂರಿನ ಕಡಲತೀರದ ದೃಶ್ಯವನ್ನು ಅರ್ಧ ಬರೆದಿಟ್ಟು ಮುಂದೇನೆಂದು ತೋಚದೆ ಕುಳಿತಿದ್ದ. ಆ ರಾತ್ರಿ ತಲೆನೋವು. ಹೆಂಡತಿ ಗಾಲಾ ಸ್ನೇಹಿತರೊಂದಿಗೆ ಸಿನಿಮಾಕ್ಕೆ ಹೋಗಿದ್ದಳು. ಊಟದ ಮೇಜಿನ ಮೇಲೆ ಕ್ಯಾಮಂಬೇರ್ ಎಂಬ ಮೆತ್ತನೆಯ ಚೀಸ್ ಹರಡಿಕೊಂಡು ಕರಗುತ್ತಿತ್ತು. ಅದನ್ನೇ ನೋಡುತ್ತಾ ಕೂತವನು, ಮಲಗುವ ಮುನ್ನ ಚಿತ್ರದ ಕಡೆ ಕಣ್ಣು ಹಾಯಿಸಿದಾಗ ಮೆತ್ತನೆಯ ಗಡಿಯಾರಗಳು ಕಂಡವಂತೆ. ಡಾಲಿಯ ಮಾತನ್ನೆಲ್ಲ ನಂಬಬೇಕಿಲ್ಲ, ಕಥೆ ಕಟ್ಟುವುದರಲ್ಲೂ ಆತ ನಿಪುಣ. ಆದರೆ ಕನಸಿನ ವ್ಯಾಪಾರಿಯೇ ಅದು ಕನಸಲ್ಲ, ಚೀಸ್ ಎಂದಾಗ ಒಪ್ಪದಿರುವುದು ಕಷ್ಟ.

ನಿದ್ದೆಯ ಹೊಸ್ತಿಲನ್ನು ಡಾಲಿ ಬಳಸಿಕೊಂಡದ್ದು ನಿಜ. 1948ರ ತನ್ನ ಪುಸ್ತಕದಲ್ಲಿ ಒಂದು ಉಪಾಯ ಹೇಳುತ್ತಾನೆ: ಕುರ್ಚಿಯಲ್ಲಿ ಒರಗಿ ಕುಳಿತು ಎರಡು ಬೆರಳುಗಳ ನಡುವೆ ಭಾರವಾದ ಬೀಗದಕೈ ಹಿಡಿದುಕೊಳ್ಳಿ, ಕೆಳಗೆ ತಟ್ಟೆಯೊಂದನ್ನು ಬೋರಲಿಡಿ. ಜೊಂಪು ಹತ್ತಿದೊಡನೆ ಬೀಗದಕೈ ಜಾರಿ ಠಣ್ ಎನ್ನುತ್ತದೆ, ಎಚ್ಚರವಾಗುತ್ತದೆ. ಅಷ್ಟು ನಿದ್ದೆ ಸಾಕು! ಪ್ಯಾರಿಸ್ಸಿನ ಸಂಶೋಧಕರು 2021ರಲ್ಲಿ ಇದನ್ನು ಪರೀಕ್ಷೆಗೊಡ್ಡಿದರು. ಗಣಿತದ ಲೆಕ್ಕದಲ್ಲಿ ಅಡಗಿದ್ದ ಸುಲಭ ದಾರಿಯನ್ನು ಎಚ್ಚರವಾಗಿಯೇ ಇದ್ದವರಲ್ಲಿ ಶೇ 30 ಮಂದಿ ಕಂಡುಕೊಂಡರೆ, ಕನಿಷ್ಠ 15 ಸೆಕೆಂಡು ಜೊಂಪಿನಲ್ಲಿದ್ದವರಲ್ಲಿ ಶೇ 83 ಮಂದಿ ಕಂಡುಕೊಂಡರು. ಇನ್ನೂ ಆಳದ ನಿದ್ದೆಗೆ ಇಳಿದವರಿಗೆ ಈ ಲಾಭ ಸಿಗಲಿಲ್ಲ. ಇದು ಲೆಕ್ಕದ ಮಾತು, ಚಿತ್ರದ್ದಲ್ಲ. ಆದರೂ ಡಾಲಿಯ ತಟ್ಟೆ ಬರೀ ನಾಟಕವಾಗಿರಲಿಲ್ಲವೆಂದಾಯಿತು.

ಬೆಲ್ಜಿಯಂನ ರೆನೆ ಮಾಗ್ರಿತ್ ಕೋಟು ಟೈ ಧರಿಸಿ ಮನೆಯ ಊಟದ ಕೋಣೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದ ಶಿಸ್ತಿನ ಮನುಷ್ಯ. ಮನೋವಿಶ್ಲೇಷಣೆ ಅವನಿಗೆ ಸೇರದು. ಒಂದು ರಾತ್ರಿ ಎಚ್ಚರವಾದಾಗ ಪಂಜರದೊಳಗೆ ಹಕ್ಕಿಯ ಬದಲು ಮೊಟ್ಟೆ ಕಂಡಂತಾಯಿತು ಎಂದು ಒಮ್ಮೆ ಹೇಳಿಕೊಂಡಿದ್ದಾನೆ. ಪಂಜರವನ್ನು ತುಂಬಿದ ದೊಡ್ಡ ಮೊಟ್ಟೆಯ ಚಿತ್ರವನ್ನು 1933ರಲ್ಲಿ ಬರೆದ. ಅವನು ಹಿಗ್ಗಿದ್ದು ದೃಶ್ಯಕ್ಕಲ್ಲ, ಅದರೊಳಗಿನ ಸೂತ್ರಕ್ಕೆ: ಸಂಬಂಧವೇ ಇಲ್ಲದ ಎರಡು ವಸ್ತುಗಳಿಗಿಂತ ಹತ್ತಿರದ ಸಂಬಂಧವಿರುವ ಎರಡು ವಸ್ತುಗಳು ಹೆಚ್ಚು ಬೆಚ್ಚಿಬೀಳಿಸುತ್ತವೆ. ಮುಂದೆ ಆ ಸೂತ್ರ ಹಿಡಿದು ಹಗಲಿನಲ್ಲೇ ಒಂದೊಂದು ವಸ್ತುವಿಗೂ ಜೋಡಿ ಹುಡುಕುತ್ತಾ ಹೋದ. ಕನಸಿನ ವಸ್ತುವನ್ನಲ್ಲ, ಅದರ ವ್ಯಾಕರಣವನ್ನು ಕಲಿತವನು ಅವನು. ಪರರ ಖಾಸಗಿ ಕನಸು ನಮಗೆ ಅರ್ಥವಾಗದಿದ್ದರೂ ಇಂಥ ಚಿತ್ರಗಳು ನಮ್ಮವೇ ಎನಿಸುವುದು ಇದರಿಂದ. ಪ್ರತಿ ರಾತ್ರಿ ನಾವೂ ಅದೇ ವ್ಯಾಕರಣದಲ್ಲಿ ನಮ್ಮ ನಮ್ಮ ವಾಕ್ಯಗಳನ್ನು ಕಟ್ಟುತ್ತಿರುತ್ತೇವೆ.

ಈ ಗುಂಪಿಗೆ ಸೇರಲು ಖಡಾಖಂಡಿತವಾಗಿ ಒಲ್ಲೆ ಎಂದವಳು ಮೆಕ್ಸಿಕೋದ ಫ್ರಿಡಾ ಕಾಹ್ಲೋ. 1938ರಲ್ಲಿ ಮೆಕ್ಸಿಕೋಗೆ ಬಂದ ಬ್ರೆತಾನ್ ಆಕೆಯ ಚಿತ್ರಗಳನ್ನು ನೋಡಿ ಇವಳು ನಮ್ಮವಳೇ ಎಂದು ಸಾರಿದ. ತಾನು ಬರೆಯುವುದು ಕನಸನ್ನಲ್ಲ, ತನ್ನ ವಾಸ್ತವವನ್ನು ಎಂಬುದು ಆಕೆಯ ನಿಲುವು. ಹದಿನೆಂಟನೆಯ ವಯಸ್ಸಿನಲ್ಲಿ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡು, ಬದುಕಿನ ಎಷ್ಟೋ ಭಾಗವನ್ನು ಹಾಸಿಗೆಯಲ್ಲೇ ಕಳೆದವಳ ಮಾತು ಇದು. 1940ರಲ್ಲಿ ಆಕೆ ಬರೆದ ಒಂದು ಚಿತ್ರ 2025ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5.47 ಕೋಟಿ ಡಾಲರಿಗೆ ಮಾರಾಟವಾಗಿ, ಹರಾಜಿನಲ್ಲಿ ಮಹಿಳೆಯೊಬ್ಬರ ಕಲಾಕೃತಿಗೆ ಅದುವರೆಗೆ ಸಿಕ್ಕ ಅತಿ ಹೆಚ್ಚಿನ ಬೆಲೆ ಎನಿಸಿಕೊಂಡಿತು. ಮೋಡಗಳ ನಡುವೆ ತೇಲುವ ಮಂಚ, ಅದರಲ್ಲಿ ಬಳ್ಳಿಗಳು ಹಬ್ಬಿದ ಹೊದಿಕೆ ಹೊದ್ದು ಮಲಗಿದ ಫ್ರಿಡಾ. ಮಂಚದ ಚಪ್ಪರದ ಮೇಲೆ, ಮೈಗೆಲ್ಲ ಸಿಡಿಮದ್ದು ಸುತ್ತಿಕೊಂಡು ಮಲಗಿದ ಅಸ್ಥಿಪಂಜರ. ಇದಕ್ಕಿಂತ ಕನಸಿನಂತಿರುವ ಚಿತ್ರ ಬೇರೆ ಬೇಕೆ?

ಆದರೆ ಆ ಅಸ್ಥಿಪಂಜರ ಆಕೆಯ ಮಂಚದ ಮೇಲೆ ನಿಜವಾಗಿಯೂ ಇತ್ತು. ಕಾಗದದ ರದ್ದಿಯಿಂದ ಮಾಡಿದ್ದು. ನಮ್ಮಲ್ಲಿ ಹೋಳಿಯಲ್ಲಿ ಕಾಮನನ್ನು ಸುಡುವ ಹಾಗೆ ಮೆಕ್ಸಿಕೋದಲ್ಲಿ ಈಸ್ಟರ್ ಹಬ್ಬದ ಹಿಂದಿನ ದಿನ ಜುದಾಸನ ಬೊಂಬೆಗಳಿಗೆ ಪಟಾಕಿ ಕಟ್ಟಿ ಬೀದಿಯಲ್ಲಿ ಸಿಡಿಸುತ್ತಾರೆ. ಇದೂ ಆ ಜಾತಿಯದೇ ಬೊಂಬೆ. ಮೋಡ ಮತ್ತು ಬಳ್ಳಿಗಳಷ್ಟನ್ನೇ ಆಕೆ ತನ್ನ ಕೈಯಿಂದ ಸೇರಿಸಿದ್ದು. ಚಿತ್ರಕ್ಕೆ ಎರಡು ಹೆಸರುಗಳಿವೆ. ಒಂದು ‘ಕನಸು’, ಇನ್ನೊಂದು ‘ಹಾಸಿಗೆ’.