ಭ್ರೂಣವನ್ನಿರಿಸುವ ಮುನ್ನ ಗರ್ಭಾಶಯದ ಪರೀಕ್ಷೆ

ಕಳೆದ ತಿಂಗಳು ಯುವ ದಂಪತಿಗಳು ದಪ್ಪನೆಯ ಫೈಲೊಂದನ್ನು ಹಿಡಿದು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಅವರ ಭ್ರೂಣಗಳು ಸಿದ್ಧವಾಗಿದ್ದವು. ಅವನ್ನು ಇರಿಸುವ ಮುನ್ನ ಗರ್ಭಾಶಯದೊಳಗೆ ದುರ್ಬೀನು ಹಾಕಿ ನೋಡಬೇಕೆಂದು ವೈದ್ಯರು ಸೂಚಿಸಿದ್ದರು. "ಗರ್ಭಚೀಲಕ್ಕ ಕ್ಯಾಮೆರಾ ಹಾಕಿದ್ರ ಅದು ಕೆಡೂದಿಲ್ಲೇನ್ರಿ?" ಎಂದು ಅತ್ತೆಯವರು ಕೇಳಿದರು. ಮಗನಿಗೆ ಖರ್ಚಿನ ಚಿಂತೆ. ಸೊಸೆ ಕೊನೆಯಲ್ಲಿ ಮೆಲ್ಲನೆ ಕೇಳಿದ್ದು ಒಂದೇ: "ಭಾಳ ನೋವಾಗತದೇನ್ರಿ?"

ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿಬರಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಬೀಜಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಬಹುದು. ಕ್ಷೇತ್ರವಾದರೋ ಗರ್ಭಾಶಯವೇ ಆಗಬೇಕು. ಆದುದರಿಂದ ಅದನ್ನು ಪರೀಕ್ಷಿಸುವುದು ಯುಕ್ತವೇ. ಮೊದಲ ಪರೀಕ್ಷೆ ಯೋನಿಮಾರ್ಗದ ಸ್ಕ್ಯಾನ್. ಒಳಪೊರೆಯ ದಪ್ಪ, ಗಡ್ಡೆಗಳು, ಆಕಾರದ ದೋಷಗಳು ಬಹುಮಟ್ಟಿಗೆ ಅದರಲ್ಲಿಯೇ ಕಾಣುತ್ತವೆ. ಒಳಪೊರೆ 7 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಭ್ರೂಣವು ನೆಲೆಗೊಳ್ಳುವ ಸಂಭವ ತಗ್ಗುತ್ತದೆ, ಇಲ್ಲವೇ ಇಲ್ಲವೆಂದಲ್ಲ.

ಸ್ಕ್ಯಾನಿನಲ್ಲಿ ಸಂಶಯ ಬಂದಾಗ ಹಿಸ್ಟರೋಸ್ಕೋಪಿ, ಅಂದರೆ ದುರ್ಬೀನಿನ ಪರೀಕ್ಷೆ. ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮುನ್ನ ಇದನ್ನು ಮಾಡುತ್ತಾರೆ. ಕೆಲವೇ ಮಿಲಿಮೀಟರ್ ದಪ್ಪದ ನಳಿಕೆಯನ್ನು ಗರ್ಭಾಶಯದ ಬಾಯಿಯ ಮೂಲಕ ಒಳಗಿಳಿಸಿ, ಸಲೈನ್ ನೀರಿನಿಂದ ಕುಹರವನ್ನು ಹಿಗ್ಗಿಸಿ ನೋಡುತ್ತಾರೆ. ಹೊಟ್ಟೆಯನ್ನು ಕೊಯ್ಯುವುದಿಲ್ಲ. ಮುಟ್ಟಿನ ನೋವಿನಂಥ ಹಿಂಡುವಿಕೆ, ಒಂದೆರಡು ದಿನ ರಕ್ತದ ಕಲೆ ಸಾಮಾನ್ಯ. ನೋವನ್ನು ತಾಳದವರಿಗೆ ಅರಿವಳಿಕೆ ಉಂಟು. ಸೋಂಕಾಗುವುದು, ಗೋಡೆಗೆ ರಂಧ್ರವಾಗುವುದು ವಿರಳ. ಪಾಲಿಪ್ ಎಂಬ ಮೃದು ಮಾಂಸದ ಮೊಗ್ಗು, ಕುಹರದೊಳಕ್ಕೆ ಚಾಚಿದ ಗಡ್ಡೆ, ನಡುವಿನ ಪರದೆ, ಹಿಂದೆ ಗರ್ಭಪಾತವಾದಾಗ ಕೆರೆದುದರಿಂದ ಗೋಡೆಗಳು ಅಂಟಿಕೊಂಡಿರುವುದು ಇಲ್ಲಿ ಕಾಣುತ್ತವೆ. ಅನೇಕ ವೇಳೆ ಅಲ್ಲಿಯೇ ಸರಿಪಡಿಸಲೂ ಬರುತ್ತದೆ. ನಮ್ಮ ದೇಶದಲ್ಲಿ ಗರ್ಭಾಶಯದ ಕ್ಷಯವನ್ನೂ ಮರೆಯುವಂತಿಲ್ಲ. ಕೆಮ್ಮಿಲ್ಲದೆ, ಜ್ವರವಿಲ್ಲದೆ, ಕೇವಲ ಮುಟ್ಟು ಕಡಿಮೆಯಾಗುತ್ತ ಬಂದು ಅದು ಒಳಪೊರೆಯನ್ನು ಹಾಳುಮಾಡಬಲ್ಲದು. ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳುಹಿಸಿ, ರೋಗ ಖಚಿತವಾದರೆ ಮೊದಲು ಅದರ ಚಿಕಿತ್ಸೆಯನ್ನು ಮುಗಿಸಬೇಕು. ಸರಕಾರಿ ಆಸ್ಪತ್ರೆಯಲ್ಲಿ ಆ ಔಷಧಿ ಉಚಿತ.

ಹಾಗೆಂದು ಎಲ್ಲರಿಗೂ ದುರ್ಬೀನು ಬೇಕೇ? ಬೇಡ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯು ಎರಡು ದೊಡ್ಡ ಅಧ್ಯಯನಗಳನ್ನು ಪ್ರಕಟಿಸಿತು. ನೆದರ್ಲೆಂಡ್ಸಿನಲ್ಲಿ, ಸ್ಕ್ಯಾನ್ ಸರಿಯಿದ್ದು ಮೊದಲ ಬಾರಿ ಚಿಕಿತ್ಸೆ ಪಡೆಯುವ 750 ಸ್ತ್ರೀಯರಲ್ಲಿ ಈ ಪರೀಕ್ಷೆಯಾದವರ ಪೈಕಿ ಶೇ. 57, ಆಗದವರ ಪೈಕಿ ಶೇ. 54 ಮಂದಿಗೆ ಮಗುವಾಯಿತು. ಗಣನೆಗೆ ಬರುವ ವ್ಯತ್ಯಾಸವಲ್ಲ. ಎರಡರಿಂದ ನಾಲ್ಕು ಬಾರಿ ವಿಫಲರಾದ 702 ಸ್ತ್ರೀಯರ ಯೂರೋಪಿನ ಅಧ್ಯಯನದಲ್ಲಿ ಎರಡೂ ಕಡೆ ಶೇ. 29. ಆದಕಾರಣ "ಸ್ಕ್ಯಾನಿನಲ್ಲಿ ಏನು ಕಂಡಿತು, ನಮಗೇಕೆ ಈ ಪರೀಕ್ಷೆ?" ಎಂದು ಸಂಕೋಚವಿಲ್ಲದೆ ಕೇಳಬೇಕು. ಗರ್ಭಪಾತ, ಕೆರೆತ, ಕ್ಷಯದ ಇತಿಹಾಸವುಳ್ಳವರು ಮಾತ್ರ ಇದನ್ನು ತಳ್ಳಿಹಾಕಬಾರದೆಂಬುದು ನಮ್ಮ ಅಭಿಪ್ರಾಯ.

ನಮ್ಮವರ ಬಗೆಗೂ ಒಂದು ಮಾತು. ಉತ್ತರಬಸ್ತಿ ಮಾಡಿಸಿದರೆ ಈ ಪರೀಕ್ಷೆಯೇ ಬೇಡವೆನ್ನುವ ವೈದ್ಯರಿದ್ದಾರೆ. ನಾವು ಒಪ್ಪುವುದಿಲ್ಲ. ಹುಟ್ಟಿನಿಂದ ಬಂದ ಪರದೆಯು ತೈಲದಿಂದ ಕರಗದು. ಭ್ರೂಣವನ್ನಿರಿಸುವ ತಿಂಗಳಲ್ಲಿ ನಮ್ಮ ಕಷಾಯಗಳನ್ನು ಸಹ ಅಲ್ಲಿನ ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಆ ಸೊಸೆಯ ಸ್ಕ್ಯಾನಿನಲ್ಲಿ ಪಾಲಿಪ್ಪಿನ ಗುರುತಿತ್ತು. ಅದನ್ನು ತೋರಿಸಿ ವಿವರಿಸಿದೆವು. ಪರೀಕ್ಷೆಯಾಗಿ ಪಾಲಿಪ್ ಹೊರಬಂತು, ಅದೇ ಸಂಜೆ ಆಕೆ ಮನೆಗೆ ಮರಳಿದಳು. ಮುಂದಿನ ಮುಟ್ಟಿನ ನಂತರ ಭ್ರೂಣವನ್ನಿರಿಸುವುದೆಂದು ನಿಶ್ಚಯವಾಗಿದೆ.