ಸೂಜಿ ಚುಚ್ಚಿದ ಗಾಯಕ್ಕೂ ಲೆಕ್ಕವಿರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದಲ್ಲಿ ಕಾರ್ಮಿಕ ಸುರಕ್ಷತೆಯೆಂದೊಡನೆ ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ, ಹೆಲ್ಮೆಟ್ಟುಗಳು ನೆನಪಾಗುವುದು ಸಹಜ. ಆದರೆ ಇದೇ ಊರುಗಳ ಆಸ್ಪತ್ರೆ, ನರ್ಸಿಂಗ್ ಹೋಂ, ರಕ್ತಪರೀಕ್ಷಾ ಪ್ರಯೋಗಾಲಯಗಳಲ್ಲಿ ದುಡಿಯುವ ದಾದಿಯರು, ತಂತ್ರಜ್ಞರು ಹಾಗೂ ಸ್ವಚ್ಛತಾ ಸಿಬ್ಬಂದಿಗೆ ಒದಗುವ ಅಪಾಯವೊಂದು ದಾಖಲೆಗೆ ಬರುವುದು ವಿರಳ. ಬಳಸಿದ ಸೂಜಿ ಚುಚ್ಚಿ ಆಗುವ ಗಾಯವೇ ಅದು.

ಗಾಯ ಚಿಕ್ಕದು, ಪರಿಣಾಮ ದೊಡ್ಡದು. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವವಾದರೋ ಶೇಕಡಾ 6ರಿಂದ 30. ಜಗತ್ತಿನ 3.5 ಕೋಟಿ ಆರೋಗ್ಯ ಕಾರ್ಯಕರ್ತರಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಂದಿ ಇಂತಹ ಗಾಯಕ್ಕೆ ಈಡಾಗುವರೆಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿಯೇ ಅಂದಾಜಿಸಿತ್ತು.

ಕಾನೂನು ಏನು ಹೇಳುತ್ತದೆ?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸಿಬ್ಬಂದಿಗೆ ಹೆಪಟೈಟಿಸ್ ಬಿ ಹಾಗೂ ಧನುರ್ವಾಯು ಲಸಿಕೆ, ತರಬೇತಿ, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಕಡ್ಡಾಯ. ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಯಲ್ಲಿಯೇ ಹಾಕತಕ್ಕದ್ದು. ಈ ನಿಯಮಗಳು ಸೂಜಿಗಾಯವನ್ನು 'ಭಾರೀ ಅಪಘಾತ'ದಿಂದ ಹೊರಗಿಟ್ಟಿವೆ. ಹಾಗೆಂದು ವರದಿಯೇ ಬೇಡವೆಂದು ತಿಳಿಯಬಾರದು. ಪ್ರತಿವರ್ಷ ಜೂನ್ 30ರೊಳಗೆ ಸಲ್ಲಿಸುವ ವಾರ್ಷಿಕ ವರದಿಯಲ್ಲಿ ಇತರ ಅಪಘಾತಗಳ ವಿವರವನ್ನೂ ಕೊಡಬೇಕು. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು ಸಿಬ್ಬಂದಿಗೆ ಒದಗಿಸುವ ಹೊಣೆಯನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಸಂಸ್ಥೆಯ ಮೇಲೆಯೇ ಹೊರಿಸಿದೆ.

ಇನ್ನು ಪರಿಹಾರದ ವಿಷಯ. 1923ರ ನೌಕರರ ಪರಿಹಾರ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆರೋಗ್ಯ ಹಾಗೂ ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸೋಂಕುರೋಗಗಳು ಅದರ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ.

ದಾಖಲೆಯ ಮಹತ್ವ

ಸಾಕ್ಷ್ಯವಿಲ್ಲದ ಹಕ್ಕು ಲೆಕ್ಕಪರಿಶೋಧನೆಯಲ್ಲಿ ನಿಲ್ಲದು. ನ್ಯಾಯಾಲಯದಲ್ಲೂ ಅದರ ಗತಿ ಅದೇ. ಗಾಯವಾದ ದಿನವೇ ರಕ್ತಪರೀಕ್ಷೆ ಮಾಡಿಸಿ, ಅಂದು ಸೋಂಕಿರಲಿಲ್ಲವೆಂದು ದಾಖಲಿಸದಿದ್ದರೆ, ಮುಂದೆ ಕಂಡ ರೋಗ ಕೆಲಸದಿಂದಲೇ ಬಂದುದೆಂದು ತೋರಿಸುವುದು ದಾದಿಗೆ ಕಷ್ಟ. ಅಲ್ಲವೆಂದು ತೋರಿಸುವುದು ಮಾಲೀಕರಿಗೂ ಕಷ್ಟ. ಬೈಗುಳಕ್ಕೂ ಕೆಲಸ ಹೋದೀತೆಂಬ ಅಳುಕಿಗೂ ಅಂಜಿ ಗಾಯವನ್ನು ಮುಚ್ಚಿಡುವವರಲ್ಲಿ ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯನ್ನು ವಿಶೇಷವಾಗಿ ಗಮನಿಸಬೇಕು. ಸೂಜಿಯನ್ನು ಎಸೆದವರು ಒಬ್ಬರು, ಚುಚ್ಚಿಸಿಕೊಳ್ಳುವವರು ಇವರು.

ಸಮಯವೂ ಅಷ್ಟೇ ಮುಖ್ಯ. ಗಾಯವನ್ನು ಹಿಂಡದೆ ಸೋಪು, ನೀರಿನಿಂದ ತೊಳೆಯಬೇಕು. ಎಚ್‌ಐವಿ ತಡೆ ಔಷಧವನ್ನು ಸಾಧ್ಯವಾದರೆ 2 ಗಂಟೆಗಳೊಳಗೆ, ತಡವಾದರೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಚಿಂಚೋಳಿಯಲ್ಲಿ ರಾತ್ರಿ ಪಾಳಿಯಲ್ಲಿ ಗಾಯಗೊಂಡವರು ಔಷಧಕ್ಕಾಗಿ ಬೆಳಗಿನ ಕಲಬುರಗಿ ಬಸ್ಸಿಗೆ ಕಾಯುವಂತಾದರೆ ಆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಮೊದಲ ಮಾತ್ರೆ ಎಲ್ಲಿ, ಯಾರ ಬಳಿ ದೊರೆಯುವುದೆಂಬುದನ್ನು ಮುಂಚಿತವಾಗಿ ಗೊತ್ತುಪಡಿಸಿ ಗೋಡೆಯ ಮೇಲೆ ಬರೆಯಿಸಬೇಕು.

ಆದುದರಿಂದ ಆಸ್ಪತ್ರೆ, ಪ್ರಯೋಗಾಲಯ ನಡೆಸುವ ಹಾಗೂ ಕಾರ್ಖಾನೆಗಳಲ್ಲಿ ಚಿಕಿತ್ಸಾಲಯವುಳ್ಳ ಸದಸ್ಯ ಬಾಂಧವರು ಈ ವರ್ಷದ ಲೆಕ್ಕ ಮುಗಿಸುವ ಮುನ್ನ ಮೂರು ವಿಷಯಗಳನ್ನು ಪರಿಶೀಲಿಸುವುದು ಒಳಿತು: ಗುತ್ತಿಗೆಯವರೂ ಸೇರಿ ಎಲ್ಲರಿಗೂ ಲಸಿಕೆಯ ಮೂರು ಸುತ್ತು ಮುಗಿದಿದೆಯೇ? ಸೂಜಿಗೆ ಮತ್ತೆ ಮುಚ್ಚಳ ಹಾಕುವ ರೂಢಿ ನಿಂತಿದೆಯೇ? ಸಿಬ್ಬಂದಿಯ ಗೋಪ್ಯತೆ ಕಾಯುವ ಗಾಯದ ದಾಖಲೆ ಪುಸ್ತಕ ಇದೆಯೇ? ಆ ಪುಸ್ತಕ ವರ್ಷವಿಡೀ ಖಾಲಿಯಿದ್ದರೆ ಹೆಮ್ಮೆಪಡುವ ಮೊದಲು ಸಿಬ್ಬಂದಿಯನ್ನು ಕರೆದು, ಅಭಯವಿತ್ತು, ಕಾರಣ ಕೇಳಬೇಕು.